ಒಂದನೇ ದಿನ ಯಾವುದು?

ಜುಲೈ ತಿಂಗಳ ಕೊನೆಯ ವಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಮಧ್ಯಾಹ್ನ ಒಬ್ಬ ಹೆಂಗಸು ನನ್ನ ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಡಾಕ್ಟರ ಚೀಟಿ ಇಟ್ಟು, ನಾನದನ್ನು ಬಿಡಿಸುವ ಮೊದಲೇ, "ಅಕ್ಕ, ಮೆಲ್ಲ ಓದಿ" ಎಂದಳು. ಪಕ್ಕದಲ್ಲಿ ಬಿಪಿ ಮಾತ್ರೆಗೆ ಬಂದಿದ್ದ ಹಿರಿಯರೊಬ್ಬರು ನಿಂತಿದ್ದರು. ನಾನು ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ. ಅಂಡಾಣು ಬಿಡುಗಡೆಯಾಗುವ ದಿನವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಕಿಟ್. ಒಂದು ಪೆಟ್ಟಿಗೆಯಲ್ಲಿ ಏಳು ಪಟ್ಟಿ.

ಅವಳು ಅಪರಿಚಿತಳೇನಲ್ಲ. ತಲ್ಲೂರಿನಲ್ಲಿ ಹೆದ್ದಾರಿಯ ಆ ಕಡೆ, ಬಸ್ಸು ನಿಲ್ಲುವಲ್ಲಿ ದೊಡ್ಡ ಕೊಡೆ ಹಾಕಿಕೊಂಡು ಎರಡು ವರ್ಷದಿಂದ ಮೀನು ಮಾರುತ್ತಿದ್ದಳು. ನಾನು ಸಾಲಿಗ್ರಾಮದ ಕಡೆಯವಳು, ಹುಟ್ಟಿನಿಂದ ಮೀನು ತಿಂದವಳಲ್ಲ. ಹಾಗಾಗಿ ಇಷ್ಟು ದಿನ ಎದುರುಬದುರು ಕೂತಿದ್ದರೂ ನಮ್ಮಿಬ್ಬರ ನಡುವೆ ನಡೆದ ವ್ಯಾಪಾರ ಅವಳ ತಲೆನೋವಿನ ಮಾತ್ರೆಯದ್ದು ಮಾತ್ರ.

ಹಿರಿಯರು ಹೋದ ಮೇಲೆ ಅವಳಾಗಿಯೇ ಹೇಳಿದಳು. ಮನೆ ಕಿರಿಮಂಜೇಶ್ವರದಲ್ಲಿ. ಮದುವೆಯಾಗಿ ನಾಲ್ಕು ವರ್ಷ. ಗಂಡ ಗಂಗೊಳ್ಳಿಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಹತ್ತು ಹನ್ನೆರಡು ದಿನ ನೀರಿನ ಮೇಲೆ, ಒಂದೆರಡು ದಿನ ನೆಲದ ಮೇಲೆ. ಮಳೆಗಾಲದಲ್ಲಿ ಬೋಟು ನಿಂತಾಗ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಗಂಡನದ್ದೂ ಸರಿ ಇದೆ, ಇವಳದ್ದೂ ಮೇಲ್ನೋಟಕ್ಕೆ ಸರಿ ಇದೆ. "ಸರಿಯಾದ ದಿನ ನೋಡಿಕೊಳ್ಳಿ" ಎಂದಿದ್ದರಂತೆ ಡಾಕ್ಟರು.

"ಮನೆಯಲ್ಲಿ ಅತ್ತೆ ಏನಾದರೂ ಹೇಳ್ತಾರಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಎಂತದೂ ಹೇಳುದಿಲ್ಲೆ ಅಕ್ಕ. ಹೇಳಿದ್ರೆ ಅಡ್ಡಿ ಇಲ್ಲೆ ಆಯ್ತಿತ್ತ್" ಎಂದಳು.

ನನಗೊಂದು ಚಟವಿದೆ. ಔಷಧಿ ಕೊಡುವಾಗ ವಿವರಿಸದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. ಅವತ್ತೂ ಪೆಟ್ಟಿಗೆ ಒಡೆದು ಪಾಠಕ್ಕೆ ನಿಂತೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ. ತಿಂಗಳಿಗೊಮ್ಮೆ ಅದು ಒಂದು ಹಾರ್ಮೋನನ್ನು ರಕ್ತಕ್ಕೆ ಒಮ್ಮೆಲೇ ಸುರಿಯುತ್ತದೆ. ಅದಾಗಿ ಒಂದು, ಒಂದೂವರೆ ದಿನದೊಳಗೆ ಅಂಡಾಶಯದಿಂದ ಮೊಟ್ಟೆ ಹೊರಬೀಳುತ್ತದೆ. ಹೊರಬಿದ್ದ ಮೊಟ್ಟೆಗೆ ಹೆಚ್ಚೆಂದರೆ ಒಂದು ದಿನದ ಆಯುಷ್ಯ. ಆ ಹಾರ್ಮೋನು ಮೂತ್ರದಲ್ಲಿ ಇಳಿಯುವುದನ್ನು ಈ ಪಟ್ಟಿ ಹಿಡಿಯುತ್ತದೆ. ಒಂದು ಗೆರೆ ಯಾವಾಗಲೂ ಬರುತ್ತದೆ, ಅದು ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ. ಪಕ್ಕದ ಗೆರೆ ಅದರಷ್ಟೇ ಕಡುವಾಗಿ ಅಥವಾ ಅದಕ್ಕಿಂತ ಕಡುವಾಗಿ ಬಂದರೆ ಮಾತ್ರ ಆ ದಿನ ಬಂತು ಎಂದು ಅರ್ಥ. ಬೆಳಗಿನ ಮೊದಲ ಮೂತ್ರ ಬೇಡ. ದಿನವೂ ಒಂದೇ ಹೊತ್ತಿಗೆ, ಮಧ್ಯಾಹ್ನದ ಮೇಲೆ. ಅದಕ್ಕೂ ಮುಂಚೆ ಮೂರು ನಾಲ್ಕು ಗಂಟೆ ತಡೆದಿಟ್ಟುಕೊಳ್ಳಬೇಕು.

"ನಿಂಗೆ ಎಷ್ಟ್ ದಿನಕ್ಕೊಮ್ಮೆ ಆತ್ತ್?"

"ಇಪ್ಪತ್ತಾರ್. ಕರೆಕ್ಟ್ ಅಕ್ಕ, ಹೆಚ್ಚ್‌ಕಮ್ಮಿ ಇಲ್ಲೆ."

"ಹಂಗಾರೆ ಒಂಬತ್ತನೇ ದಿನದಿಂದ ಶುರು ಮಾಡ್. ದಿನಕ್ಕೊಂದ್ ಪಟ್ಟಿ."

ಅವಳು ಬೆರಳಿನಲ್ಲಿ ಎಣಿಸಿ, ನಾಳೆಯೇ ಒಂಬತ್ತು ಎಂದಳು. ಮತ್ತೆ ಅಲ್ಲೇ ನಿಂತಳು. "ಮಧ್ಯಾಹ್ನ ನಾನ್ ಇಲ್ಲೇ ರಸ್ತಿ ಬದಿಯಗೆ ಇಪ್ಪುದಲ್ದಾ. ಎಲ್ಲಿ ಮಾಡ್ಕ್?"

ನನ್ನ ಪಾಠದಲ್ಲಿ ಇದು ಇರಲಿಲ್ಲ. ಅಂಗಡಿಯ ಹಿಂದಿನ ಶೌಚಾಲಯದ ಕೀಲಿಕೈ ತೋರಿಸಿದೆ. ಹೀಗೆ ಮನೆಯಲ್ಲಿ ಮಾಡಿಕೊಳ್ಳುವ ಪರೀಕ್ಷೆ ನನ್ನ ಅಂಗಡಿಯಲ್ಲಿ ಶುರುವಾಯಿತು.

ಮೊದಲನೇ ದಿನವೇ ಹೊರಗೆ ಬಂದಾಗ ಅವಳ ಮುಖ ಅರಳಿತ್ತು. "ಅಕ್ಕ, ಎರಡ್ ಗೆರಿ!" ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಎರಡನೆಯ ಗೆರೆ ಇತ್ತು, ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯಷ್ಟು. ಆ ಹಾರ್ಮೋನು ಎಲ್ಲ ದಿನವೂ ಚೂರುಪಾರು ಇದ್ದೇ ಇರುತ್ತದೆ. ಬಸಿರಿನ ಪರೀಕ್ಷೆಯ ಹಾಗೆ ಎರಡು ಗೆರೆ ಕಂಡ ಕೂಡಲೇ ಸಂತೋಷಪಡುವಂತಿಲ್ಲ ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಅವಳು ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಬುಟ್ಟಿಯ ಬದಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು.

ಏಳು ದಿನ ಅದೇ ಮಸುಕು ಗೆರೆ. ನಡುವೆ ನನಗೆ ಗೊತ್ತಾದ ವಿಷಯವೆಂದರೆ ಅವಳು ದಿನವೂ ಹನ್ನೊಂದು ಗಂಟೆಗೆ ಕೊಡೆಯ ಕೆಳಗೇ ಕೂತು ಗಂಜಿ ಉಣ್ಣುತ್ತಾಳೆ, ಮೇಲೆ ದೊಡ್ಡ ಲೋಟದ ತುಂಬ ಅದರ ತಿಳಿನೀರು ಕುಡಿಯುತ್ತಾಳೆ. ಮೂತ್ರ ನೀರಿನಂತೆ ತೆಳುವಾದರೆ ಪಟ್ಟಿ ಪಾಪ ಏನು ಮಾಡೀತು! ಗಂಜಿಯನ್ನು ಒಂಬತ್ತಕ್ಕೇ ಮುಗಿಸಲು ಹೇಳಿದೆ. ಕಾರಣ ಸಿಕ್ಕಿತು ಎಂದು ನನಗೆ ಒಳಗೊಳಗೇ ಹೆಮ್ಮೆ.

ಆಗಸ್ಟಿನಲ್ಲಿ ಬೋಟುಗಳು ಸಮುದ್ರಕ್ಕಿಳಿದವು. ಅವಳ ಬುಟ್ಟಿಯಲ್ಲಿ ಒಣಮೀನು ಹೋಗಿ ಹಸಿಮೀನು ಬಂತು. ಎರಡನೇ ತಿಂಗಳ ಕಿಟ್ ಶುರುವಾಯಿತು. ಮಧ್ಯಾಹ್ನ ಎರಡಕ್ಕೆ ಅವಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟು ಒಳಗೆ ಹೋಗುವುದು, ಬಂದ ಗಿರಾಕಿಗಳು "ಎಂತ ಅಕ್ಕ, ನೀವೂ ಬಂಗ್ಡಿ ಮೀನ್ ಮಾರುಕೆ ಶುರು ಮಾಡಿದ್ರಾ?" ಎಂದು ನಗುವುದು, ನಾನು ಮೂಗಿಗೆ ಸೆರಗು ಹಿಡಿದು ಗಡಿಯಾರ ನೋಡುವುದು. ಐದು ನಿಮಿಷ ಕಾದು ಓದಬೇಕು, ಹತ್ತು ನಿಮಿಷ ದಾಟಿದ ಮೇಲೆ ಓದಬಾರದು. ಎಲ್ಲ ಕ್ರಮವಾಗಿ ನಡೆಯಿತು. ಏಳಕ್ಕೆ ಏಳು ಪಟ್ಟಿಯೂ ಇಲ್ಲ ಎಂದವು.

ಏಳನೆಯ ದಿನ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಂಗೆ ಮೊಟ್ಟೆಯೇ ಇಲ್ಲೆ ಕಾಣತ್ತ್ ಅಕ್ಕ" ಎಂದಳು. ದಿನ ಬೆಳಗಾದರೆ ಮೀನಿನ ಹೊಟ್ಟೆ ಸೀಳಿ ಮೊಟ್ಟೆಯ ಗೊಂಚಲನ್ನು ಗಿರಾಕಿಯ ಚೀಲಕ್ಕೆ ಹಾಕುವವಳ ಬಾಯಲ್ಲಿ ಆ ಮಾತು! ಇನ್ನೊಂದು ತಿಂಗಳು ನೋಡಿ ಮತ್ತೆ ಡಾಕ್ಟರ ಹತ್ತಿರ ಹೋಗು, ಮೊಟ್ಟೆ ಬಿಡುಗಡೆಯಾಗಲಿಕ್ಕೆ ಮಾತ್ರೆ ಇದೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಕೇಳಿಸಿಕೊಂಡಂತೆ ಕಾಣಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ನಾನಿನ್ನೂ ಶಟರ್ ಎತ್ತುತ್ತಿದ್ದೆ, ಅವಳು ಬಂದಳು. ತಲೆ ಮಿಂದು ಕೂದಲ ತುದಿಗೆ ಗಂಟು ಹಾಕಿದ್ದಳು. ರವಿಕೆಯ ಬೆನ್ನು ಒದ್ದೆಯಾಗಿತ್ತು.

"ಅಕ್ಕ, ಕಿಟ್ ಕೊಡಿ. ಇವತ್ತ್ ಒಂದ್. ಈ ಸಲವೂ ಆತಿಲ್ಲೆ ಅಂದ್ರೆ ಸಾಕ್ ಮಾಡ್ತೆ."

ಪೆಟ್ಟಿಗೆಗೆ ಕೈ ಹಾಕಿದವಳು ನಾನು ಸುಮ್ಮನೆ, ಸಮಾಧಾನಕ್ಕೆಂದು ಕೇಳಿದೆ, "ಇವತ್ತ್ ಶುರುವಾದದ್ದಾ? ಹೊಟ್ಟೆನೋವ್ ಇತ್ತಾ?"

"ಇವತ್ತಲ್ಲ. ಶುರುವಾದ್ದ್ ಆಚಿ ಮೊನ್ನೆ. ಇವತ್ತ್ ಮಿಂದೆ ಅಲ್ದಾ, ಹಂಗಾಯಿ ಇವತ್ತ್ ಒಂದ್."

ಪೆಟ್ಟಿಗೆ ಕೈಯಲ್ಲೇ ಉಳಿಯಿತು. ಮುಟ್ಟಿನ ಮೂರು ದಿನ ಅವಳು ದೇವರ ಕೋಣೆಗೆ ಹೋಗುವುದಿಲ್ಲ, ಬಲೆ ಮುಟ್ಟುವುದಿಲ್ಲ. ಆ ಮೂರು ದಿನ ಲೆಕ್ಕಕ್ಕೂ ಇಲ್ಲ. ನಾಲ್ಕನೇ ದಿನ ತಲೆಗೆ ನೀರು ಬಿದ್ದ ಮೇಲೆಯೇ ಹೊಸ ತಿಂಗಳು. ಮೀಯುವುದರಿಂದ ಮೀಯುವುದಕ್ಕೆ ಇಪ್ಪತ್ತಾರು. ಅವಳ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆದರೆ ನನ್ನ ಲೆಕ್ಕ ರಕ್ತ ಕಂಡ ಮೊದಲ ದಿನದಿಂದ. ಅವಳ ಒಂಬತ್ತು ನನ್ನ ಲೆಕ್ಕಕ್ಕೆ ಹನ್ನೆರಡಾಗಿತ್ತು. ಇಪ್ಪತ್ತಾರು ದಿನದವಳಿಗೆ ಹಾರ್ಮೋನು ಏರುವುದು ಹತ್ತೋ ಹನ್ನೊಂದೋ ದಿನಕ್ಕೆ. ಎರಡು ತಿಂಗಳು ನಾವಿಬ್ಬರೂ ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯುತ್ತಿದ್ದೆವು.

ನನಗೆ ಕೋಪ ಬಂತು. ಅವಳ ಮೇಲಲ್ಲ. ಅವಳು ಆ ಕಡೆ ಹೋದ ಕೂಡಲೇ ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ, ನೀನು ತಿಂಗಳು ಎಣಿಸುತ್ತಿದ್ದದ್ದು ಯಾವ ದಿನದಿಂದ?

"ಮಿಂದ ದಿನದಿಂದ. ಮತ್ತೆಂತ, ಹೊರ್ಗೆ ಕೂತ ದಿನವನ್ನ ಯಾರಾರೂ ಎಣಿಸ್ತ್ರಾ?" ಎಂದಳು ಅಮ್ಮ.

ಅದೇ ಮನೆಯಲ್ಲಿ ಹುಟ್ಟಿ, ಅದೇ ಮೂರು ದಿನ ಜಗಲಿಯ ಮೂಲೆಯಲ್ಲಿ ಕೂತು ಬೆಳೆದವಳು ನಾನು. ನನಗೆ ಹೊಳೆಯಬೇಕಿತ್ತು. ಗಂಜಿಯ ತಿಳಿಯ ತನಕ ವಿಚಾರಿಸಿದವಳು, ಎಲ್ಲಿಂದ ಎಣಿಸುತ್ತೀ ಎಂಬ ಒಂದೇ ಮಾತು ಕೇಳಿರಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ರಸ್ತೆ ದಾಟಿ ಅವಳ ಕೊಡೆಯ ಕೆಳಗೆ ಹೋಗಿ ನಿಂತೆ. ಎರಡು ವರ್ಷದಲ್ಲಿ ನಾನಾಗಿ ಅವಳಿದ್ದಲ್ಲಿಗೆ ಹೋದದ್ದು ಅದೇ ಮೊದಲು.

"ತಪ್ಪ್ ನಂದ್" ಎಂದೆ. ವಿವರಿಸಿದೆ. ಅವಳು ಕತ್ತಿಯನ್ನು ಹಲಗೆಯ ಮೇಲೆ ಇಟ್ಟಳು. ಬೈಯುತ್ತಾಳೆ ಎಂದುಕೊಂಡೆ.

"ಹಂಗಾರೆ ಅಕ್ಕ," ಎಂದಳು, "ಮೊಟ್ಟೆ ಇಪ್ಪುಕೂ ಸಾಕಾ?"

"ಇಪ್ಪುಕೂ ಸಾಕ್."

ಹೊಸ ಲೆಕ್ಕದಲ್ಲಿ, ಒಂದು ದಿನ ಮುಂಚಿತವಾಗಿಯೇ ಇರಲಿ ಎಂದು, ಎಂಟನೇ ದಿನದಿಂದ ಶುರು ಮಾಡಿದೆವು. ಅವಳ ಹಳೆಯ ಲೆಕ್ಕದಲ್ಲಿ ಅದು ಐದು. ಆ ದಿನದ ಪಟ್ಟಿಯಲ್ಲಿ ಮಸುಕು ಗೆರೆ. ಒಂಬತ್ತನೇ ದಿನವೂ ಮಸುಕು ಗೆರೆ. ನಾನು ದಿನದಿನದ ಫಲ ಬರೆದಿಡುತ್ತಿದ್ದ ಪುಸ್ತಕದಲ್ಲಿ ಇಲ್ಲ ಎಂದು ಬರೆಯುವಷ್ಟರಲ್ಲಿ ಅವಳು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು.

"ನಾಳೆ ಬತ್ತ್ ಅಕ್ಕ."

"ಎಂತ ಬತ್ತ್?"

"ಗೆರಿ. ನಿನ್ನೆಗಿಂತ ಇವತ್ತ್ ಬಣ್ಣ ಏರಿತ್ತ್, ಕಾಣಿ." ಬುಟ್ಟಿಯ ಬದಿಯಿಂದ ನಿನ್ನೆಯ ಪಟ್ಟಿಯನ್ನೂ ತೆಗೆದು ಪಕ್ಕಕ್ಕೆ ಹಿಡಿದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ನಿನ್ನೆಯದಕ್ಕೂ ಇವತ್ತಿನದಕ್ಕೂ ಕೂದಲೆಳೆಯ ವ್ಯತ್ಯಾಸವೂ ನನಗೆ ತೋರಲಿಲ್ಲ.

"ನಂಗೆ ಕಾಂತಿಲ್ಲೆ ಮಾರಾಯ್ತಿ."

"ಬಂಗ್ಡಿ ಕಿವಿ ಎತ್ತಿ ಒಳಗಿನ ಕೆಂಪ್ ಕಂಡ್ರೆ ನಿನ್ನೆದ್ದಾ ಇವತ್ತಿದ್ದಾ ಹೇಳ್ತೆ ನಾನ್. ಐಸಿಗೆ ಬಿದ್ದದ್ದ್ ಎಷ್ಟ್ ಹೊತ್ತಿಗೆ ಅಂದೂ ಹೇಳ್ತೆ. ಇಷ್ಟ್ ಗೊತ್ತಾತಿಲ್ಯಾ?"

ಅಷ್ಟು ಹೇಳಿ ಅವಳು ಮಂಕಾದಳು. ಅವತ್ತು ಬೆಳಿಗ್ಗೆಯೇ ಗಂಡನ ಬೋಟು ಬಂದರಿಗೆ ಬಂದಿತ್ತು. ಮೀನು ಚೆನ್ನಾಗಿ ಬೀಳುತ್ತಿದ್ದ ವಾರ. ಇದ್ದದ್ದನ್ನು ಇಳಿಸಿ, ಡೀಸೆಲ್ಲು ಐಸು ತುಂಬಿಸಿಕೊಂಡು ಸಂಜೆಯೇ ಮತ್ತೆ ಹೊರಡುವುದಿತ್ತು. ಗಂಡ ಮನೆಗೆ ಕೂಡ ಹೋಗಿರಲಿಲ್ಲ. ಮೀನು ಕೊಳ್ಳಲು ಹೋದ ಇವಳು ಬೋಟು ನಿಲ್ಲುವ ದಕ್ಕೆಯಲ್ಲೇ ಅವನ ಮುಖ ಕಂಡು ಬಂದಿದ್ದಳು. ನಾಳೆ ಎರಡು ಗಂಟೆಗೆ ಗೆರೆ ಬಂದರೂ ಅಷ್ಟು ಹೊತ್ತಿಗೆ ಅವನು ಫೋನು ಸಿಗದ ದೂರದಲ್ಲಿರುತ್ತಾನೆ. ಮತ್ತೆ ಬರುವುದು ಹತ್ತು ದಿನ ಕಳೆದು.

ನನಗೆ ಗೊತ್ತಿದ್ದ ನಿಯಮ ಒಂದೇ. ಕಡು ಗೆರೆ ಬಂದರೆ ಹೌದು, ಇಲ್ಲವಾದರೆ ಇಲ್ಲ. ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯನ್ನು ಇನ್ನೊಮ್ಮೆ ಓದಿದೆ, ಅದರಲ್ಲಿ ನಾಳೆ ಬರುವ ಗೆರೆಯ ಬಗ್ಗೆ ಏನೂ ಇರಲಿಲ್ಲ. ಬೋಟಿನಲ್ಲಿ ಒಬ್ಬ ಕಡಿಮೆಯಾದರೆ ಉಳಿದವರಿಗೆ ತೊಂದರೆ. ಹೊರಡುವ ದಿನ ಕೈಕೊಟ್ಟವನನ್ನು ಬೋಟು ನಡೆಸುವ ತಾಂಡೇಲ ಮತ್ತೆ ಕರೆಯದೆಯೂ ಇರಬಹುದು. ಎರಡು ತಿಂಗಳು ಹಾಳು ಮಾಡಿದ ನಾನು ಯಾವ ಬಾಯಿಯಲ್ಲಿ ಹೇಳಲಿ?

"ನನ್ನ ಲೆಕ್ಕದಲ್ಲಿ ಇದ್ ಇಲ್ಲ ಅಂತಲೇ" ಎಂದೆ. "ಆದ್ರೆ ನನ್ನ ಲೆಕ್ಕ ಒಂದ್ಸಲ ತಪ್ಪಿತ್ತ್. ಕಣ್ಣ್ ನಿಂದ್. ನೀನೇ ಹೇಳ್ಕ್."

ಅವಳು ಔಷಧಿಯ ಕಪಾಟಿನ ಮರೆಗೆ ಹೋಗಿ ಫೋನ್ ಹಚ್ಚಿದಳು. ದಕ್ಕೆಯ ಗದ್ದಲದಲ್ಲಿ ಅವನು ಕೂಗಿಯೇ ಮಾತಾಡಬೇಕಿತ್ತು, ಹಾಗಾಗಿ ಅವನ ಮಾತೂ ನನಗೆ ಕೇಳುತ್ತಿತ್ತು.

"ಹ್ವಾಯ್, ಇವತ್ತ್ ಬೋಟಿಗೆ ಹೋಯ್ಬೇಡಿ."

"ಎಂತ ಆಯ್ತ್? ಅಬ್ಬಿಗೆ ಹುಷಾರಿಲ್ಯಾ?" ಅವನಿಗೆ ಮೊದಲು ನೆನಪಾದದ್ದು ತಾಯಿ.

"ಅಬ್ಬಿ ಹುಷಾರಿತ್ತ್. ಗೆರಿ ನಾಳೆ ಬತ್ತ್."

"ಬಂದಿತ್ತಾ?"

"ಇಲ್ಲೆ. ನಾಳೆ ಬತ್ತ್."

ಐಸು ಪುಡಿ ಮಾಡುವ ಯಂತ್ರದ ಶಬ್ದ ಮೀರಿ ಅವನು ಕೂಗಿದ, "ಮೆಡಿಕಲ್ಲಿನ ಅಕ್ಕ ಹೇಳ್ರಾ?"

ಅವಳು ನನ್ನ ಕಡೆ ನೋಡಿದಳು. ಸುಳ್ಳು ಹೇಳಿದ್ದರೂ ನಾನು ತಲೆಯಾಡಿಸುತ್ತಿದ್ದೆನೇನೋ.

"ಅಲ್ಲ. ನಾನ್ ಹೇಳುದ್."

"ಅಡ್ಡಿಲ್ಲೆ" ಎಂದ ಅವನು. "ತಾಂಡೇಲ್ರಿಗೆ ಹೇಳಿ ಮನಿಗೆ ಬತ್ತೆ."

ಮರುದಿನ ಎರಡು ಗಂಟೆಗೆ ಇಬ್ಬರೂ ಬಂದರು. ಬಿಸಿಲಿಗೆ ಕಪ್ಪಾದ, ಎತ್ತರದ, ಸಂಕೋಚದ ಮನುಷ್ಯ. ಅವಳು ಹಿಂದಕ್ಕೆ ಹೋದ ಮೇಲೆ ನನ್ನೆದುರು ಸುಮ್ಮನೆ ನಿಲ್ಲಲಾರದೆ ಬೇಕಿಲ್ಲದ ಒಂದು ನೋವಿನ ಮುಲಾಮು ಕೇಳಿದ. ಕೊಟ್ಟೆ. ಅದರ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ.

ಅವಳು ಪಟ್ಟಿಯನ್ನು ತಂದು ಕೌಂಟರಿನ ಗಾಜಿನ ಮೇಲೆ ಇಟ್ಟಳು. ತೇವ ಇನ್ನೂ ಮೇಲಕ್ಕೆ ಏರುತ್ತಿತ್ತು. ನಾನು ಗಡಿಯಾರ ನೋಡಲೇ ಇಲ್ಲ. ಯಾವಾಗಲೂ ಮೊದಲು ಬರುತ್ತಿದ್ದ ಗೆರೆಗೂ ಮುಂಚೆ, ಇಷ್ಟು ದಿನ ಮಸುಕಾಗಿಯೇ ಉಳಿದಿದ್ದ ಆ ಗೆರೆ ಮೂಡಿತು. ಮೊದಲು ನಸುಗೆಂಪು, ಆಮೇಲೆ ಕೆಂಪು, ಆಮೇಲೆ ದಾಸವಾಳದ ಮೊಗ್ಗಿನಂಥ ಕಡುಗೆಂಪು. ಪಕ್ಕದ ಗೆರೆ ಅದರೆದುರು ಬಿಳಿಚಿಕೊಂಡಿತು.

ಮೂವರೂ ಉಸಿರು ಬಿಡದೆ ನೋಡಿದೆವು. ಇಂಥ ಪಟ್ಟಿಯಲ್ಲಿ ಬಣ್ಣ ಕೊಡುವುದು ಬಂಗಾರದ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು ಎಂದು ಓದುವಾಗ ಕಲಿತಿದ್ದೆ. ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ಅದು ನನ್ನ ಕಣ್ಣೆದುರು ನಡೆಯುತ್ತಿತ್ತು. ಈ ಹೆಂಗಸಿನ ತಲೆಯೊಳಗಿನ ಒಂದು ಬಟಾಣಿ, ಯಾರ ಅಪ್ಪಣೆಯೂ ಇಲ್ಲದೆ, ಮದುವೆಗೂ ಎಷ್ಟೋ ವರ್ಷ ಮೊದಲಿನಿಂದ ತಿಂಗಳು ತಿಂಗಳೂ ಇದೇ ಸುದ್ದಿಯನ್ನು ಕಳಿಸುತ್ತಿತ್ತು. ಅವಳು ಮೀನು ತೂಗುತ್ತಿದ್ದಾಗ, ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ, ನನಗೆ ಮೊಟ್ಟೆಯೇ ಇಲ್ಲ ಎಂದು ಮೆಟ್ಟಿಲ ಮೇಲೆ ಕೂತ ತಿಂಗಳಲ್ಲೂ. ಇಪ್ಪತ್ತು ವರ್ಷದಿಂದ ಈ ಪೆಟ್ಟಿಗೆಗಳನ್ನು ಕಾಗದದಲ್ಲಿ ಸುತ್ತಿ ಮಾರಿದವಳಿಗೆ ಅದು ಎಂಥ ಸಂಗತಿ ಎಂದು ಅವತ್ತೇ ಅರ್ಥವಾದದ್ದು. ನಾನು ಕೈ ಮುಗಿದೆ. ಯಾರಿಗೆ ಮುಗಿದೆ ಎಂದು ಈಗಲೂ ಹೇಳಲಾರೆ.

ಅವನು ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. "ನಮ್ಮ ಬೋಟಗೆ ಮಿಷಿನ್ ಇತ್ತ್ ಅಕ್ಕ, ನೀರಿನ ಅಡಿಗಿಪ್ಪ ಮೀನ್ ತೋರ್ಸುದ್. ಲಕ್ಷಗಟ್ಲೆಯದ್ದ್" ಎಂದ. "ಇದ್ ಅದ್ಕಿಂತ ಜೋರ್."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಪಟ್ಟಿಯ ಮೇಲೆ ಬೆರಳಿಟ್ಟು, "ಇತ್ತಲ್ಲ ಅಕ್ಕ" ಎಂದಳು. "ಇತ್ತಲ್ಲ!"

ಆ ತಿಂಗಳು ಬಸಿರು ನಿಲ್ಲಲಿಲ್ಲ. ಎಲ್ಲ ಸರಿಯಿದ್ದ ದಂಪತಿಗೂ ಪ್ರತಿ ತಿಂಗಳೂ ನಿಲ್ಲುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ, ಆದರೂ ಹೆಚ್ಚು ನಂಬಿ ಕೂತವಳು ನಾನೇ. ಇಪ್ಪತ್ತಾರು ದಿನ ತುಂಬಿದ ಮರುದಿನ ಅವಳು ಬೆಳಿಗ್ಗೆಯೇ ಬಂದಳು. ಮೀಯದೆ, ಹಿಂದಿನ ದಿನದ ಜಡೆಯಲ್ಲೇ.

"ಅಕ್ಕ, ಇವತ್ತ್ ಒಂದ್" ಎಂದಳು. "ರಕ್ತ ಕಂಡದ್ದ್ ಇವತ್ತೇ. ಮಿಂದ ಮೇಲೆ ಬಪ್ಪ ಅಂದೇಳಿ ಕೂಕಂಡ್ರೆ ಲೆಕ್ಕ ತಪ್ಪತ್ತ್ ಅಲ್ದಾ?"

"ಬೇಜಾರ್ ಆಯ್ತಾ?"

"ಆಯ್ತ್. ಬಸ್ಸಗೆ ಮರ್ಕಿ ಬಂದೆ" ಎಂದಳು, ಅತ್ತು ಊದಿದ ಕಣ್ಣು ಒರೆಸಿಕೊಂಡು. "ಕಿಟ್ ಕೊಡಿ."

ಅಕ್ಟೋಬರಿನಲ್ಲಿ ಒಂಬತ್ತನೇ ದಿನ ಅವಳು ನಾಳೆ ಎಂದಳು. ನಾನು ಕನ್ನಡಕ ಹಾಕಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಬೋಟು ಅವತ್ತು ದಕ್ಕೆಯಲ್ಲಿತ್ತು, ಇಂಜಿನ್ ರಿಪೇರಿಗೆಂದು ಎರಡು ದಿನ ಅಲ್ಲೇ ಉಳಿಯುವುದಿತ್ತು. ಯಾರನ್ನೂ ಕೇಳಬೇಕಾಗಲಿಲ್ಲ. ಮರುದಿನ ಗೆರೆ ಬಂತು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಆ ವಿಷಯ ಎತ್ತಲೇ ಇಲ್ಲ. ಅವಳು ಆ ಕಡೆ ಮೀನು ಮಾರಿದಳು, ನಾನು ಈ ಕಡೆ ಮಾತ್ರೆ ಮಾರಿದೆ. ಇಪ್ಪತ್ತಾರು ಕಳೆಯಿತು. ಇಪ್ಪತ್ತೆಂಟು ಕಳೆಯಿತು. ಮೂವತ್ತೆರಡನೇ ದಿನ ಅವಳು ರಸ್ತೆ ದಾಟಿ ಬಂದು ಕೌಂಟರಿಗೆ ಒರಗಿ ನಿಂತಳು. ನಾನು ಕೇಳದೆಯೇ ಬಸಿರಿನ ಪರೀಕ್ಷೆಯ ಪಟ್ಟಿಯನ್ನು ಕೀಲಿಕೈಯ ಜೊತೆ ಅವಳ ಮುಂದಿಟ್ಟೆ. ಇದರಲ್ಲಿ ಕಡುವಾಗಿರಬೇಕೆಂದಿಲ್ಲ, ಎಷ್ಟು ಮಸುಕಾದ ಗೆರೆಯೂ ಗೆರೆಯೇ ಎಂದು ಹೇಳಬೇಕೆಂದಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ, ಅವಳು ತಂದ ಪಟ್ಟಿಯಲ್ಲಿ ಎರಡು ಗೆರೆಯೂ ಕಡುವಾಗಿದ್ದವು.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗಿ ಬಂದು, ಸ್ಕ್ಯಾನಿಂಗಿನ ಚೀಟಿ ತೋರಿಸಿದಳು. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಎಂದು ಕೇಳಿದಾಗ ಇವಳು ತಾರೀಕು, ವಾರ ಎರಡನ್ನೂ ತಡವರಿಸದೆ ಹೇಳಿದಳಂತೆ. ಹೆರಿಗೆ ಜುಲೈ ತಿಂಗಳ ಎರಡನೇ ವಾರ ಎಂದು ಬರೆದಿತ್ತು.

"ಜುಲೈ ಅಂದ್ರೆ ಬೋಟೆಲ್ಲ ಕಟ್ಟಿ ಹಾಕಿರ್ತ್ರ್ ಅಲ್ದಾ ಅಕ್ಕ" ಎಂದಳು ಚೀಟಿಯನ್ನು ಮಡಿಸುತ್ತ. "ಆ ದಿನ ಅವ್ರಿಗೆ ಹೋಯ್ಬೇಡಿ ಅಂದೇಳಿ ಫೋನ್ ಮಾಡುಕಿಲ್ಲೆ."